ನಿಮ್ಮ ಬಸಾಲಿಯಾ ಲೇಖನ ಓದಿದೆ, ಸದ್ಯಕ್ಕೆ ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ. ಇಟಲಿಯ ಮಾನಸಿಕ ಆಸ್ಪತ್ರೆಗಳ ವಿರುದ್ಧ ನಿಂತ ಡಾಕ್ಟರ್ ಫ್ರಾಂಕೊ ಬಸಾಲಿಯಾ ಬಗ್ಗೆ ನೀವು ಬರೆದದ್ದನ್ನು ಹೀಗೇ ಹಾಕೋಕೆ ಆಗುವುದಿಲ್ಲ. ವಿಷಯ ಮಾತ್ರ ಬಿಡಬೇಡಿ.

ಮೊದಲ ಮೂರು ಪುಟ ಸುಮ್ನೆ ಅಧಿಕಾರ, ಶಿಸ್ತು, ಪ್ರಭುತ್ವ ಅಂತಲೇ ಹೋಗುತ್ತದೆ, ಒಬ್ಬ ರೋಗಿಯೂ ಕಾಣುವುದಿಲ್ಲ. 'ಆಸ್ಪತ್ರೆ ಪ್ರಜಾಪ್ರಭುತ್ವದ ಕನ್ನಡಿ' ಅಂದಿರಿ, ಸರಿ, ಅದರಲ್ಲಿ ಕಂಡದ್ದೇನು? 1961ರಲ್ಲಿ ಇಟಲಿಯ ಗೊರಿಜಿಯಾ ಊರಿನ ಮಾನಸಿಕ ಆಸ್ಪತ್ರೆಗೆ ಮುಖ್ಯಸ್ಥನಾಗಿ ಬಂದ ಬಸಾಲಿಯಾ ಮುಂದೆ, ರಾತ್ರಿ ಯಾರ್ಯಾರನ್ನು ಕಟ್ಟಿ ಹಾಕಿದ್ದರು ಅಂತ ಬರೆದ ಪುಸ್ತಕವನ್ನು ಸಹಿಗೆ ಇಟ್ಟರು. ಆತ ಸಹಿ ಹಾಕಲಿಲ್ಲ. ಆಮೇಲೆ ರೋಗಿಗಳು, ನರ್ಸುಗಳು, ಡಾಕ್ಟರುಗಳು ಒಟ್ಟಿಗೆ ಕೂತು ಮಾತಾಡುವ ಸಭೆಗಳು ಶುರುವಾದವು. ಇದಕ್ಕೆ ನೀವು ಕೊಟ್ಟದ್ದು ಒಂದೇ ಸಾಲು! ಲೇಖನ ಶುರುವಾಗಬೇಕಾದ್ದೇ ಇಲ್ಲಿಂದ.

ಇನ್ನೊಂದು, 1968ರ ಘಟನೆಯನ್ನು ಪೂರ್ತಿ ಬಿಟ್ಟಿದ್ದೀರಿ. ಒಂದು ದಿನದ ಮಟ್ಟಿಗೆ ಮನೆಗೆ ಹೋದ ರೋಗಿಯೊಬ್ಬ ಹೆಂಡತಿಯನ್ನು ಕೊಂದ. ಬಸಾಲಿಯಾ ಮೇಲೆ ಕೇಸು ಬಿತ್ತು, ಕೊನೆಗೆ ಖುಲಾಸೆ ಆಯಿತು. ನಿಮ್ಮ ವಾದಕ್ಕೆ ತೊಂದರೆ ಅಂತ ಬಿಟ್ಟಿರಾ? ನಿಜವಾದ ವಾದ ಇರುವುದೇ ಅಲ್ಲಿ. ಬೀದಿಯಲ್ಲಿ ಯಾರೋ ಕೊಲೆ ಮಾಡಿದರೆ ಅಕ್ಕಪಕ್ಕದವರನ್ನೆಲ್ಲ ಕೂಡಿಹಾಕಿ ಅಂತ ಯಾರೂ ಕೇಳುವುದಿಲ್ಲ, ಆಸ್ಪತ್ರೆಯವರ ವಿಷಯ ಬಂದಾಗ ಮಾತ್ರ ಒಬ್ಬನ ತಪ್ಪಿಗೆ ಎಲ್ಲರ ಬಾಗಿಲಿಗೂ ಬೀಗ ಹಾಕಿ ಅನ್ನುತ್ತಾರೆ. ಕೊಲೆಯಾದ ಹೆಂಗಸನ್ನೂ ಮರೆಯದೆ ಇದನ್ನು ಬರೆಯೋದು ಕಷ್ಟ. ಆದರೂ ಬರೆಯಿರಿ.

'1978ರ 180ನೇ ಕಾನೂನು ಬಂತು, ಎಲ್ಲರೂ ಹೊರಬಂದರು' ಅಂತ ಮುಗಿಸಿದ್ದು ತಪ್ಪು. ಆ ಕಾನೂನು ಹೊಸಬರನ್ನು ಮಾನಸಿಕ ಆಸ್ಪತ್ರೆಗಳಿಗೆ ಸೇರಿಸುವುದನ್ನು ನಿಲ್ಲಿಸಿತು. ಹಳೆಯ ಆಸ್ಪತ್ರೆಗಳು ಖಾಲಿಯಾಗೋಕೆ 1990ರ ದಶಕದ ಕೊನೆ ಬರಬೇಕಾಯಿತು. ಬಸಾಲಿಯಾ ಆಮೇಲೆ ಕೆಲಸ ಮಾಡಿದ ತ್ರಿಯೆಸ್ತೆ ನಗರದಲ್ಲಿ ಊರೊಳಗೇ ಚಿಕಿತ್ಸಾ ಕೇಂದ್ರಗಳು, ಕೆಲಸ ಕೊಡುವ ಸಹಕಾರ ಸಂಘ ಇದ್ದವು. ಅಂಥದ್ದು ಇಲ್ಲದ ಎಷ್ಟೋ ಕಡೆ ಭಾರ ಮನೆಯವರ ಮೇಲೆ ಬಿತ್ತು.

'ನಮ್ಮಲ್ಲೂ ಇದೇ ಕಥೆ' ಅನ್ನುವ ಕೊನೆಯ ಪ್ಯಾರಾ ತೆಗೆಯಿರಿ. ಭಾರತ ಬೇಕೇ ಬೇಕು ಅಂದರೆ 1950ರ ಜನಪ್ರಾತಿನಿಧ್ಯ ಕಾಯ್ದೆ ಓದಿ: ಕೋರ್ಟು 'ಅಸ್ವಸ್ಥ ಮನಸ್ಸಿನವರು' ಎಂದು ಘೋಷಿಸಿದರೆ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ. ಹಾಗೆ ಘೋಷಿಸದವರಿಗೆ ಹಕ್ಕು ಉಳಿಯುತ್ತದೆ, ಆದರೆ ಪಟ್ಟಿಗೆ ಹೆಸರು ಸೇರುವುದು ವಾಸಸ್ಥಳದ ಮೇಲೆ, ಮಾನಸಿಕ ಆಸ್ಪತ್ರೆಯಲ್ಲಿದ್ದ ಮಾತ್ರಕ್ಕೆ ಅದೇ ಅವರ ವಾಸಸ್ಥಳ ಆಗುವುದಿಲ್ಲ. ಮನೆಯವರೇ ಕೈಬಿಟ್ಟವರು ಎಲ್ಲಿ ವೋಟು ಹಾಕಬೇಕು? ಇದು ಬೇರೆಯೇ ಲೇಖನ, ಅದನ್ನೂ ನೀವೇ ಬರೆಯಬಹುದು. ಮೊದಲು ಗೊರಿಜಿಯಾ ಮುಗಿಸಿ ಕಳಿಸಿ.