ಹಳೇ ತೊಟ್ಟಿಲಿಗೆ ಪಾಲಿಶ್ ಮಾಡಿಸಲೇ ಎಂದು ಕೇಳಿದವರಿಗೆ

ಬೇಡ. ಭಾನುವಾರ ಪಾಲಿಶ್‌ನವನು ಬರುತ್ತಾನೆ ಎಂದು ಬರೆದಿದ್ದೀರಲ್ಲ, ಮೊದಲು ಅವನಿಗೆ ಫೋನ್ ಮಾಡಿ ಬರಬೇಡ ಎನ್ನಿ. ಉಳಿದದ್ದನ್ನು ಆಮೇಲೆ ಓದಿ.

ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ಸಿಕ್ಕಿದೆ, ಕಪ್ಪಾಗಿದೆ, ಪಾಲಿಶ್ ಮಾಡಿಸಿಟ್ಟರೆ ಮುಂದೆ ಒಳ್ಳೇ ರೇಟು ಬರುತ್ತದಾ ಎಂದು ಕೇಳಿದ್ದೀರಿ. ನನ್ನ ಮನೆಯಲ್ಲೂ ಅಂಥದ್ದೇ ಒಂದು ತೊಟ್ಟಿಲಿತ್ತು.

ನನ್ನ ತವರು ಧಾರವಾಡದ ಕಡೆ. ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದೆ. 2009ರಲ್ಲಿ ಮಗಳು ಹುಟ್ಟಿದಾಗ ಅವ್ವ ಊರಿಂದ ತೊಟ್ಟಿಲು ಕಳಿಸಿದಳು. ಬಿಚ್ಚಿ, ಗೋಣಿತಟ್ಟು ಸುತ್ತಿ, ಲಾರಿಯಲ್ಲಿ. ನನ್ನ ಅಜ್ಜಿ ಅವ್ವನ ಬಾಣಂತನಕ್ಕೆ ಕಲಘಟಗಿಯಲ್ಲಿ ಹೇಳಿ ಮಾಡಿಸಿದ್ದು ಅದು. ನನ್ನನ್ನೂ ನನ್ನ ತಮ್ಮನನ್ನೂ ಅದರಲ್ಲೇ ಹಾಕಿದ್ದರು. ಸಾಗವಾನಿ ಮರ. ಒಂದು ಬದಿಗೆ ಗೋವರ್ಧನ ಎತ್ತಿದ ಕೃಷ್ಣ, ಇನ್ನೊಂದು ಬದಿಗೆ ರಾಮನ ಪಟ್ಟಾಭಿಷೇಕ, ತಲೆದೆಸೆಯ ಹಲಗೆಯಲ್ಲಿ ಎರಡು ಗಿಣಿ. ಎಲ್ಲದರ ಮೇಲೂ ಕಪ್ಪು. ಬಾಣಂತಿ ಕೋಣೆಯ ಅಗ್ಗಿಷ್ಟಿಕೆ, ಲೋಬಾನದ ಹೊಗೆ, ಎಣ್ಣೆ ಹಚ್ಚಿದ ಕೈ, ಇಷ್ಟೆಲ್ಲ ವರ್ಷಗಟ್ಟಲೆ ಕೂತು ಆದ ಕಪ್ಪು.

ತೊಟ್ಟಿಲು ಹಾಕುವ ದಿನ ಹತ್ತಿರ ಬಂತು. ನೆಂಟರು ಬರುತ್ತಾರೆ, ಹೊಲಸು ಕಾಣುತ್ತದೆ ಅನ್ನಿಸಿತು. ಕಪಾಟು, ಸೋಫಾ ಮಾಡುವ ಒಬ್ಬ ಪಾಲಿಶ್‌ನವನನ್ನು ಕರೆಸಿದೆ. ಅವನು ಸ್ಪಿರಿಟ್‌ನಲ್ಲಿ ಅರಿವೆ ಅದ್ದಿ ಒರೆಸೋಕೆ ಶುರು ಮಾಡಿದ. ಅರಿವೆ ಮೊದಲು ಕಪ್ಪಾಯಿತು. ಹೊಲಸು ಬಿಡ್ತಾ ಇದೆ ಅಂದ. ನನಗೂ ಖುಷಿಯಾಯಿತು. ಕೂಸಿಗೆ ಹಾಲು ಕುಡಿಸೋಕೆ ಒಳಗೆ ಹೋದೆ. ಹೊರಗೆ ಬಂದಾಗ ಅರಿವೆ ಕೆಂಪಾಗಿತ್ತು, ಪಕ್ಕದಲ್ಲಿ ಬಿದ್ದ ಇನ್ನೊಂದು ಹಸಿರಾಗಿತ್ತು. ಎರಡೂ ಬದಿಯ ಹಲಗೆ ಬರೀ ಮರ, ಕಂದು ಬಣ್ಣಕ್ಕೆ ಮಿರಮಿರ ಮಿಂಚುತ್ತಿದ್ದವು.

ಆಗಿದ್ದು ಏನು ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನೀವು ಮಾಡಹೊರಟಿರುವುದೂ ಇದೇ. ಕಲಘಟಗಿ ತೊಟ್ಟಿಲಿನ ಬಣ್ಣ ಅರಗಿನ ಬಣ್ಣ. ಅರಗು ಅಂದರೆ ಅರಗಿನ ಹುಳ ಮರದ ಕೊಂಬೆಯ ಮೇಲೆ ಬಿಡುವ ಅಂಟು. ನೀರು ಬಿದ್ದರೆ ಅದು ಬೇಗ ಬಿಡುವುದಿಲ್ಲ, ಅದಕ್ಕೇ ಅಷ್ಟು ವರ್ಷ ತಾಳುತ್ತದೆ. ಆದರೆ ಸ್ಪಿರಿಟ್ ತಾಗಿದರೆ ಕರಗುತ್ತದೆ. ಮುಂಬೈಯ ಪಾಲಿಶ್‌ನವರು ಬಳಸುವ ಚಪಡಾ ಕೂಡ ಅರಗೇ. ಅದನ್ನೇ ಸ್ಪಿರಿಟ್‌ನಲ್ಲಿ ಕರಗಿಸಿ ಪಾಲಿಶ್ ಮಾಡಿಕೊಳ್ಳುತ್ತಾರೆ. ಅಂದರೆ ಮೊದಲು ಒರೆಸದೆ ಬರೀ ಮೇಲಿಂದ ಪಾಲಿಶ್ ಹಚ್ಚಿದರೂ ಅದರಲ್ಲಿರುವ ಸ್ಪಿರಿಟ್ ಕೆಳಗಿನ ಚಿತ್ರವನ್ನು ಕರಗಿಸುತ್ತದೆ. ‘ಸುಮ್ನೆ ಒಂದು ಕೈ ಹೊಡೆದು ಬಿಡ್ತೀನಿ’ ಎಂದು ಅವನು ಹೇಳುತ್ತಾನೆ. ಒಂದು ಕೈ ಸಾಕು. ಆ ಕೆಲಸದವನ ತಪ್ಪು ಅಂತ ನಾನು ಹೇಳುವುದಿಲ್ಲ. ಅವನಿಗೆ ಗೊತ್ತಿದ್ದದ್ದು ಕಪಾಟು. ತೊಟ್ಟಿಲು ನನ್ನದು. ಅವ್ವನಿಗೆ ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ.

ಅವ್ವ ಬಂದವಳು ಹಲಗೆ ಮೇಲೆ ಕೈ ಆಡಿಸಿದಳು. ‘ಕೃಷ್ಣ ಎಲ್ಲಿ ಹೋದನವಾ?’ ಅಂದಳು. ಅಷ್ಟೇ. ಬೈಯಲಿಲ್ಲ.

ಮರುವರ್ಷ ಊರಿಗೆ ಹೋದಾಗ ಒಂದು ಹಲಗೆ ತೆಗೆದುಕೊಂಡು ಕಲಘಟಗಿಗೇ ಹೋದೆ. ಅಲ್ಲಿ ತೊಟ್ಟಿಲು ಮಾಡುವ ಹಿರಿಯರೊಬ್ಬರು ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿದರು. ‘ಹೊಸಾದು ಮಾಡಿ ಕೊಡ್ತೀನಿ ತಂಗಿ. ಇದರ ಮ್ಯಾಲೆ ಬರದ್ರ ಅದು ನಿಮ್ಮಜ್ಜಿ ಮಾಡಿಸಿದ್ದು ಆಗಂಗಿಲ್ಲ’ ಅಂದರು.

ಈಗ ನಿಮ್ಮ ರೇಟಿನ ಮಾತು. ದುಡ್ಡಿಗಾಗಿ ಕೊಳ್ಳುವುದಾದರೆ ಇದನ್ನು ಕೊಳ್ಳಲೇಬೇಡಿ. ಕಲಘಟಗಿಯಲ್ಲಿ ಈ ಕೆಲಸ ಇನ್ನೂ ನಡೆಯುತ್ತಿದೆ, ಮಾಡುವವರು ಕೆಲವೇ ಮನೆಯವರು. ಮನೆಗೆ ಚಂದದ ತೊಟ್ಟಿಲು ಬೇಕಿದ್ದರೆ ಅವರಿಗೆ ಹೇಳಿ ಹೊಸದು ಮಾಡಿಸಿ, ಆ ದುಡ್ಡು ಅವರ ಕೈ ಸೇರಲಿ. ಹಳೆಯದೇ ಬೇಕು ಅಂದರೆ ಹೇಗಿದೆಯೋ ಹಾಗೇ ಇಟ್ಟುಕೊಳ್ಳುವ ಮನಸ್ಸಿರಬೇಕು. ಪುಣೆಯ ಬಾಜೀರಾವ್ ರಸ್ತೆಯಲ್ಲಿ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯ ಇದೆ, ಒಮ್ಮೆ ಹೋಗಿ ಬನ್ನಿ. ಬಾಗಿಲು, ದೀಪ, ಅಡಕೊತ್ತು, ಅಡುಗೆಮನೆಯ ಸಾಮಾನು, ಎಲ್ಲ ಜನ ಬಳಸಿದ್ದು. ತೀರಿಹೋದ ಮಗ ರಾಜಾನ ನೆನಪಿಗೆ ದಿನಕರ ಕೇಳಕರರು ಕೂಡಿಸಿ, ಕೊನೆಗೆ ಸರ್ಕಾರಕ್ಕೆ ಕೊಟ್ಟುಬಿಟ್ಟರು. ಸಂಗ್ರಹ ಅಂದರೆ ನನಗೆ ಅದು.

ವಿದೇಶದಲ್ಲಿರುವ ಅಣ್ಣನಿಗೆ ಕಳಿಸುವ ಯೋಚನೆಯೂ ಇದೆ ಅಂದಿದ್ದೀರಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕುಶಲ ವಸ್ತುಗಳನ್ನು ನಾವು ನೀವು ದೇಶದಿಂದ ಹೊರಗೆ ಕಳಿಸುವಂತಿಲ್ಲ. ನಿಮ್ಮ ಅಂಗಡಿಯವನು ನೂರೈವತ್ತು ವರ್ಷದ್ದು ಅಂತಾನಲ್ವಾ? ಹಲಗೆಯ ಹಿಂಬದಿ ನೋಡಿ. ಪ್ಲಸ್ ಗುರುತಿನ ಸ್ಕ್ರೂ ಬಂದದ್ದೇ 1930ರ ದಶಕದಲ್ಲಿ. ಅದು ಕಂಡರೆ ಒಂದೋ ಆಮೇಲೆ ರಿಪೇರಿ ಆಗಿದೆ, ಇಲ್ಲ ವಯಸ್ಸು ಸುಳ್ಳು. ಅಂಚು ಕೂಡ ಮುಟ್ಟಿ ನೋಡಿ. ತೂಗಿದ ಕೈ ತಾಗುವ ಕಡೆ ಜಾಸ್ತಿ ಸವೆದಿರಬೇಕು. ಎಲ್ಲ ಕಡೆ ಒಂದೇ ಥರ ಸವೆದಿದ್ದರೆ ಅದು ಉಜ್ಜಿ ಮಾಡಿದ್ದು.

ಒರೆಸೋಕೆ ಒಣಗಿದ ಮೆತ್ತನೆ ಬ್ರಶ್ ಸಾಕು. ನೀರು, ಥಿನ್ನರ್, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಮಳೆಗಾಲದಲ್ಲಿ ಗೋಡೆಯಿಂದ ದೂರ ಇಡಿ, ಕೆಳಗೆ ಹಿಟ್ಟು ಉದುರುತ್ತಿದೆಯಾ ನೋಡುತ್ತಿರಿ, ಅದು ಹುಳದ ಗುರುತು. ಬಣ್ಣ ಚಕ್ಕೆ ಏಳುತ್ತಿದ್ದರೆ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ ಕಲಾಕೃತಿ ಸಂರಕ್ಷಣಾ ಕೇಂದ್ರ ಇದೆ, ಅಲ್ಲಿ ವಿಚಾರಿಸಿ.

ನಮ್ಮ ತೊಟ್ಟಿಲಿನ ತಲೆದೆಸೆಯ ಹಲಗೆಗೆ ಆ ಪಾಲಿಶ್‌ನವನ ಕೈ ತಲುಪಿರಲಿಲ್ಲ. ಎರಡು ಗಿಣಿ ಹಾಗೇ ಇವೆ, ಮೇಲೆ ಅಗ್ಗಿಷ್ಟಿಕೆಯ ಕಪ್ಪೂ ಹಾಗೇ ಇದೆ. ಹಗಲು ಹತ್ತು ಗಂಟೆಯ ಬೆಳಕಿಗೆ ಒಂದರ ಕೊಕ್ಕು ಇನ್ನೂ ಕೆಂಪಗೆ ಕಾಣುತ್ತದೆ.

ಫೋನ್ ಮಾಡಿದಿರಾ?