ಹೇಳಿಕೊಡುವಾಗ ಕೈ ಆಡಿಸಬೇಕೇ, ಬೇಡವೇ?

ಪ್ರಶ್ನೆ: ಹನ್ನೆರಡು ವರ್ಷದಿಂದ ಮನೆಯಲ್ಲೇ ಹೊಲಿಗೆ ಹೇಳಿಕೊಡುತ್ತಿದ್ದೇನೆ. ರವಿಕೆಯ ಕಂಕುಳ ಹೇಗೆ ತಿರುಗಬೇಕೆಂದು ಗಾಳಿಯಲ್ಲಿ ಬೆರಳಾಡಿಸಿ ತೋರಿಸುವುದು ನನಗೆ ರೂಢಿ. ಕೆಲವು ಹುಡುಗಿಯರು ತಟ್ಟನೆ ಹಿಡಿಯುತ್ತಾರೆ. ಕೆಲವರು ಎಷ್ಟು ಸಲ ತೋರಿಸಿದರೂ ‘ಮೇಡಂ, ಇನ್ನೊಂದ್ಸಲ’ ಅನ್ನುತ್ತಾರೆ. ಲಕ್ಷ್ಯ ಇಲ್ಲವೆಂದು ಒಬ್ಬಳನ್ನು ಗದರಿಯೂಬಿಟ್ಟೆ. ನನ್ನ ಕೈಯೇ ಅವರನ್ನು ಗೊಂದಲಕ್ಕೆ ಹಾಕುತ್ತಿದೆಯೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಕೈ ನಿಲ್ಲಿಸಬೇಡಿ. ನೀವು ಬೆರಳಾಡಿಸುವಾಗ ಆ ಹುಡುಗಿ ಇನ್ನೇನು ನೋಡುತ್ತಿದ್ದಳು, ಅದನ್ನು ಮೊದಲು ನೆನಪಿಸಿಕೊಳ್ಳಿ.

‘ಇಲ್ಲಿಂದ ಹೀಗೆ ಒಳಗೆ ತಗೊಂಡು ಹೀಗೆ ಬಿಡು’ ಅನ್ನುತ್ತೀರಿ. ಈ ಮಾತಿನಲ್ಲಿ ಆಕಾರವೇ ಇಲ್ಲ, ಅದು ಪೂರ್ತಿ ನಿಮ್ಮ ಬೆರಳಲ್ಲಿದೆ. ಕೇಳುವವಳು ಮಾತನ್ನೂ ಬೆರಳು ಎಳೆದ ಗೆರೆಯನ್ನೂ ಕೆಲವು ಕ್ಷಣ ಹಿಡಿದಿಟ್ಟು ಒಂದಕ್ಕೊಂದು ಕೂಡಿಸಬೇಕು. ಹೀಗೆ ಹಿಡಿದಿಡುವ ಜಾಗಕ್ಕೆ ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ಅದು ಬಹಳ ಚಿಕ್ಕದು. ಮನೋವಿಜ್ಞಾನಿಗಳಾದ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಅದನ್ನು ವಿವರಿಸುವಾಗ ಮಾತಿಗೊಂದು, ಚಿತ್ರಕ್ಕೊಂದು ಬೇರೆ ಬೇರೆ ಜಾಗ ಇದೆ ಎಂದರು. ಫೋನ್ ನಂಬರನ್ನು ಒಳಗೊಳಗೇ ಗುನುಗಿಕೊಳ್ಳುವುದು ಮೊದಲನೆಯದರಲ್ಲಿ. ಕತ್ತಲಲ್ಲಿ ಸ್ವಿಚ್ ಎಲ್ಲಿದೆಯೆಂದು ಅಂದಾಜು ಹಾಕುವುದು ಎರಡನೆಯದರಲ್ಲಿ.

ಕೈಸನ್ನೆ ಅರ್ಥವಾಗಲು ಯಾವುದು ಬೇಕು? ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಸಂಶೋಧಕರಾದ ಯಿಂಗ್ ಚೂನ್ ವು ಮತ್ತು ಸಿಯಾನಾ ಕೌಲ್ಸನ್ ಇದನ್ನೇ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಚುಕ್ಕಿಗಳು ಎಲ್ಲೆಲ್ಲಿದ್ದವೆಂದು ನೆನಪಿಡುತ್ತಲೇ ಮಾತು ಕೇಳಿದವರಿಗೆ ಕೈಸನ್ನೆಯಿಂದ ಸಿಗುವ ಸಹಾಯ ಕಡಿಮೆಯಾಯಿತು. ಅಂಕಿಗಳನ್ನು ನೆನಪಿಡುತ್ತಾ ಕೇಳಿದವರಿಗೆ ಆ ಸಹಾಯ ಹಾಗೇ ಉಳಿಯಿತು. ಚಿತ್ರದ ಜಾಗ ದೊಡ್ಡದಿದ್ದವರಿಗೆ ಸನ್ನೆಯಿಂದ ಲಾಭವೂ ಹೆಚ್ಚು. ಈ ಜಾಗ ಎಲ್ಲರಿಗೂ ಒಂದೇ ಅಳತೆಯದ್ದಲ್ಲ. ಆದ್ದರಿಂದ ‘ಲಕ್ಷ್ಯ ಇಲ್ಲ’ ಎಂಬ ಮಾತನ್ನು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ.

ನಾನೂ ಈ ತಪ್ಪು ಮಾಡಿದ್ದೇನೆ. ಮಾತು ತಡವಾಗಿದ್ದ ಮಕ್ಕಳಿಗೆ ಕಲಿಸುತ್ತಿದ್ದ ದಿನಗಳಲ್ಲಿ ಒಬ್ಬ ಹುಡುಗನ ಮುಂದೆ ಬಣ್ಣಬಣ್ಣದ ಚಿತ್ರದ ಹಾಳೆ ಹರಡಿ, ‘ಬುಟ್ಟಿ ಮೇಲೆ ಮುಚ್ಚಳ’ ಎಂದು ಅಂಗೈ ಕವುಚಿ ತೋರಿಸುತ್ತಿದ್ದೆ. ನಾಲ್ಕು ಸಲವಾದರೂ ಅವನು ಸುಮ್ಮನೆ ಹಾಳೆಯನ್ನೇ ನೋಡುತ್ತಿದ್ದ. ಹಾಳೆ ಮಗುಚಿಟ್ಟು ಅದೇ ಮಾತು, ಅದೇ ಕೈ. ಅವನ ಪುಟ್ಟ ಅಂಗೈ ಮೆಲ್ಲಗೆ ಕವುಚಿಕೊಂಡು ಮೇಜಿನ ಮೇಲೆ ಕೂತಿತು. ಅದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ನಿಮ್ಮಲ್ಲಿ ಹುಡುಗಿಯರು ಬೋರ್ಡಿನ ಡ್ರಾಫ್ಟ್ (ಕತ್ತರಿಸುವ ನಕ್ಷೆ) ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವಾಗಲೇ ನೀವು ಕೈಯಲ್ಲಿ ತೋರಿಸುತ್ತಿರಬಹುದು. ಆಗ ಚಿತ್ರದ ಜಾಗದಲ್ಲಿ ಡ್ರಾಫ್ಟೇ ತುಂಬಿರುತ್ತದೆ. ಪೆನ್ಸಿಲ್ ಕೆಳಗಿಡಿಸಿ, ಆಮೇಲೆ ಕೈ ಎತ್ತಿ. ಎದೆ 36, ತೋಳು 10 ಎಂಬ ಅಳತೆಗಳನ್ನು ಅವರು ಬಾಯಲ್ಲಿ ಗುನುಗುತ್ತಿದ್ದರೆ ಅಷ್ಟು ಚಿಂತೆಯಿಲ್ಲ. ಇನ್ನೊಂದು ಮಾತು: ಎದುರಿಗೆ ನಿಂತು ತೋರಿಸಿದರೆ ನಿಮ್ಮ ಬಲ ಅವರಿಗೆ ಎಡವಾಗುತ್ತದೆ, ಅದನ್ನು ತಿರುಗಿಸಿಕೊಳ್ಳುವ ಕೆಲಸವೂ ಅದೇ ಪುಟ್ಟ ಜಾಗದ ಮೇಲೆಯೇ ಬೀಳುತ್ತದೆ. ಪಕ್ಕದಲ್ಲಿ ನಿಲ್ಲಿ.

ಗದರಿಸಿಕೊಂಡ ಆ ಹುಡುಗಿಯಿಂದಲೇ ಶುರುಮಾಡಿ. ಅವಳ ಪಕ್ಕ ಕೂತು, ಬಟ್ಟೆ ಬದಿಗಿಟ್ಟು, ನಿಧಾನವಾಗಿ ಒಮ್ಮೆ ತೋರಿಸಿ. ಏನಾಯಿತೆಂದು ನನಗೆ ಬರೆಯಿರಿ.