ಕವಿಯ ಕೈಗೆ ಅಲ್ಲಿ ಏನು ಕೆಲಸ ಇತ್ತು?

ಈ ಸಲದ ಪತ್ರ ಬರೆದವರು ಇಂಗ್ಲಿಷ್ ಎಂ.ಎ. ಓದುತ್ತಿರುವ ಓದುಗರು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: "ನಮಗೆ ಅಮೆರಿಕದ ಯುದ್ಧ ಕವಿತೆಗಳ ಮೇಲೆ ಒಂದು ಪೇಪರ್ ಇದೆ. ಪಾಠ ಕೇಳಿದರೆ ಎಲ್ಲ ಕವಿತೆಯೂ 'ಯುದ್ಧ ಕೆಟ್ಟದ್ದು' ಅನ್ನುವ ಒಂದೇ ಸಾಲಿಗೆ ಬಂದು ನಿಲ್ಲುತ್ತದೆ. ಅಷ್ಟೇ ಆದರೆ ಇಷ್ಟೊಂದು ಕವಿತೆ ಯಾಕೆ ಬೇಕಿತ್ತು? ಇನ್ನೊಂದು ಮಾತು. ಬಾಂಬು ಹಾಕಿದ ದೇಶದವರೇ ಕೂತು ಅಳುವ ಕವಿತೆ ಓದಿ ನಾವು ಯಾಕೆ ಕರಗಬೇಕು? ಪ್ರಬಂಧಕ್ಕೆ ಯಾರನ್ನು ತೆಗೆದುಕೊಳ್ಳಲಿ ಅಂತಲೂ ತಿಳಿಸಿ."

ನಮಸ್ಕಾರ.

ನಿಮ್ಮ ಎರಡನೇ ಪ್ರಶ್ನೆಯಲ್ಲಿ ಸಿಟ್ಟಿದೆ. ಇರಲಿ, ಈ ಕವಿತೆಗಳನ್ನು ಓದೋಕೆ ಸ್ವಲ್ಪ ಸಿಟ್ಟು ಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಯುದ್ಧದ ಪರವೋ ವಿರೋಧವೋ ಅನ್ನುವ ಪ್ರಶ್ನೆ ಪರೀಕ್ಷೆಗೆ ಸರಿ, ಅಂಕ ಸಿಗುತ್ತದೆ. ಕವಿತೆ ಓದುವಾಗ ನಾನು ಬೇರೆಯದನ್ನೇ ಕೇಳಿಕೊಳ್ಳುತ್ತೇನೆ. ಆ ಯುದ್ಧದಲ್ಲಿ ಈ ಕವಿಯ ಕೈಗೆ ಏನು ಕೆಲಸ ಇತ್ತು? ಗನ್ ಹಿಡಿದಿದ್ದನಾ, ಬ್ಯಾಂಡೇಜ್ ಹಿಡಿದಿದ್ದನಾ, ಪೇಪರಿಗೆ ವರದಿ ಬರೆಯುತ್ತಿದ್ದನಾ? ಅಥವಾ ಬಾಂಬು ಬೀಳುವ ಊರಲ್ಲಿ ಮಲಗಿದ್ದ ಮಗುವಾ? ಇದನ್ನು ಕೇಳಿ ನೋಡಿ. ಒಂದೇ ಥರ ಕಾಣುತ್ತಿದ್ದ ಕವಿತೆಗಳು ತಾವಾಗಿ ಬೇರೆ ಬೇರೆ ಆಗುತ್ತವೆ.

ವಾಲ್ಟ್ ವಿಟ್ಮನ್‌ನನ್ನೇ ನೋಡಿ. 1861ರಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾದಾಗ ಅವನು ನ್ಯೂಯಾರ್ಕ್‌ನಲ್ಲಿದ್ದ. ಬಡಿಯಿರಿ ನಗಾರಿ, ಊದಿರಿ ಕಹಳೆ ಅಂತ ಅಬ್ಬರಿಸುವ ಪದ್ಯ ಬರೆದ. ಒಳ್ಳೆಯ ಸದ್ದು ಮಾಡುವ ಪದ್ಯವೇ, ಆದರೆ ಮನೆಯಲ್ಲಿ ಕೂತವನದು. 1862ರ ಡಿಸೆಂಬರ್‌ನಲ್ಲಿ ಫ್ರೆಡರಿಕ್ಸ್‌ಬರ್ಗ್ ಕಾಳಗದ ಗಾಯಾಳುಗಳ ಪಟ್ಟಿ ಪತ್ರಿಕೆಯಲ್ಲಿ ಬಂತು. ಅದರಲ್ಲಿದ್ದ ಒಂದು ಹೆಸರು ತಮ್ಮ ಜಾರ್ಜ್‌ನದೇ ಇರಬೇಕು ಅನ್ನಿಸಿತು. ವಿಟ್ಮನ್ ಹೊರಟೇಬಿಟ್ಟ. ದಾರಿಯಲ್ಲಿ, ಫಿಲಡೆಲ್ಫಿಯಾದಲ್ಲಿ, ಜೇಬುಗಳ್ಳರು ದುಡ್ಡು ಎಗರಿಸಿದರು. ಕೊನೆಗೆ ವರ್ಜೀನಿಯಾದ ಶಿಬಿರದಲ್ಲಿ ತಮ್ಮ ಸಿಕ್ಕ. ಕೆನ್ನೆಗೆ ಗಾಯ, ಅಷ್ಟೇ. ಆದರೆ ಅಲ್ಲೊಂದು ದೊಡ್ಡ ಬಂಗಲೆಯನ್ನು ಆಸ್ಪತ್ರೆ ಮಾಡಿಕೊಂಡಿದ್ದರು. ಅದರ ಮುಂದಿನ ಮರದ ಬುಡದಲ್ಲಿ ಕತ್ತರಿಸಿ ಹಾಕಿದ ಕೈ, ಕಾಲು, ಪಾದಗಳ ರಾಶಿ ಬಿದ್ದಿತ್ತು. ಒಂಟಿ ಕುದುರೆಯ ಗಾಡಿ ತುಂಬುವಷ್ಟು ಅಂತ ವಿಟ್ಮನ್ ಬರೆದಿದ್ದಾನೆ.

ಅವನು ಮನೆಗೆ ವಾಪಸ್ ಹೋಗಲಿಲ್ಲ. ವಾಷಿಂಗ್ಟನ್‌ನಲ್ಲಿ ಸೈನ್ಯದ ಸಂಬಳ ಬಟವಾಡೆ ಮಾಡುವ ಆಫೀಸಿನಲ್ಲಿ ದಿನಕ್ಕೆ ಕೆಲವು ಗಂಟೆ ಕಾಗದ ನಕಲು ಮಾಡುವ ಕೆಲಸ ಹಿಡಿದ. ಉಳಿದ ಹೊತ್ತು ಆಸ್ಪತ್ರೆ. ಕಿತ್ತಳೆ, ತಂಬಾಕು, ಬರೆಯುವ ಹಾಳೆ, ಸ್ಟಾಂಪು, ಚಿಲ್ಲರೆ ಕಾಸು ಹಂಚುತ್ತಿದ್ದ. ಬರೆಯಲಾಗದವರ ಪರವಾಗಿ ಮನೆಗೆ ಕಾಗದ ಬರೆಯುತ್ತಿದ್ದ. ಜೂನ್ ತಿಂಗಳ ಸೆಕೆಯಲ್ಲಿ ಒಮ್ಮೆ ಇಡೀ ಆಸ್ಪತ್ರೆಗೆ ಐಸ್‌ಕ್ರೀಂ ಕೊಡಿಸಿದ. ಯಾವ ಹಾಸಿಗೆಯವನಿಗೆ ಏನು ಬೇಕು ಅಂತ ಸಣ್ಣ ನೋಟ್‌ಬುಕ್‌ನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. 600ಕ್ಕೂ ಹೆಚ್ಚು ಭೇಟಿ, 80 ಸಾವಿರದಿಂದ ಒಂದು ಲಕ್ಷ ಗಾಯಾಳುಗಳು, ಇದು ಅವನೇ ಕೊಟ್ಟ ಲೆಕ್ಕ. ಸ್ವಲ್ಪ ಉಬ್ಬಿಸಿರಲೂಬಹುದು. ಸಣ್ಣ ಸಂಖ್ಯೆಗಳು ಅವನಿಗೆ ಎಂದೂ ಹಿಡಿಸಿದ್ದಿಲ್ಲ.

ಈಗ 1865ರ 'ಡ್ರಮ್ ಟ್ಯಾಪ್ಸ್' ಸಂಕಲನ ತೆಗೆದು ಗಾಯಕ್ಕೆ ಪಟ್ಟಿ ಕಟ್ಟುವವನ ಪದ್ಯ ಓದಿ. ಹಿಂದೆ ಒಬ್ಬ ಬಕೆಟ್ ಹಿಡಿದು ಬರುತ್ತಿದ್ದಾನೆ. ಅದು ರಕ್ತದ ಬಟ್ಟೆಗಳಿಂದ ತುಂಬುತ್ತದೆ, ಚೆಲ್ಲಿ ಬಂದ ಮೇಲೆ ಮತ್ತೆ ತುಂಬುತ್ತದೆ. ಕೈ ಕಳೆದುಕೊಂಡ ಸೈನಿಕನೊಬ್ಬ ತಲೆ ಆಚೆ ತಿರುಗಿಸಿ, ಕಣ್ಣು ಮುಚ್ಚಿ ಮಲಗಿದ್ದಾನೆ. ಮೊಂಡಾದ ಕೈಯನ್ನು ನೋಡುವ ಧೈರ್ಯ ಅವನಿಗಿಲ್ಲ, ಇನ್ನೂ ನೋಡಿಯೂ ಇಲ್ಲ. ಈ 'ಇನ್ನೂ ನೋಡಿಲ್ಲ' ಅನ್ನುವುದಿದೆಯಲ್ಲ, ಅದು ಹಾಸಿಗೆ ಪಕ್ಕ ದಿನಾ ಕೂರುವವನಿಗೆ ಮಾತ್ರ ಗೊತ್ತಾಗುವ ಸಂಗತಿ. ನಗಾರಿ ಪದ್ಯ ಬರೆದವನಿಗೆ ಅದು ಗೊತ್ತಿರಲಿಲ್ಲ. ಪರ, ವಿರೋಧ ಅಂತ ಭಾಗ ಮಾಡಿದರೆ ಈ ವ್ಯತ್ಯಾಸ ಕೈಗೆ ಸಿಗುವುದೇ ಇಲ್ಲ.

ಮನೆಯಲ್ಲೇ ಇದ್ದವರ ಕವಿತೆ ಹಾಗಾದರೆ ಕಡಿಮೆಯಾ ಅಂತ ನೀವು ಕೇಳಬಹುದು. ಇಲ್ಲ. ತನ್ನೂರು ಆಮ್‌ಹರ್ಸ್ಟ್ ಬಿಟ್ಟು ಹೆಚ್ಚು ಕದಲದ ಎಮಿಲಿ ಡಿಕಿನ್ಸನ್ ಬರೆದ ಸುಮಾರು 1800 ಪದ್ಯಗಳಲ್ಲಿ ಅರ್ಧದಷ್ಟು ಹುಟ್ಟಿದ್ದು ಈ ಯುದ್ಧದ ವರ್ಷಗಳಲ್ಲೇ. ಸತ್ತವರ ಸುದ್ದಿ ಮನೆ ಬಾಗಿಲಿಗೆ ಬರುತ್ತಿತ್ತು. 1862ರ ಮಾರ್ಚ್‌ನಲ್ಲಿ ಅಲ್ಲಿನ ಕಾಲೇಜಿನ ಅಧ್ಯಕ್ಷರ ಮಗನೇ ಕಾಳಗದಲ್ಲಿ ಸತ್ತ. ಅಂಥ ಧೀರರು ಸತ್ತಿರುವಾಗ ಬದುಕಿರುವುದಕ್ಕೆ ನಾಚಿಕೆಯಾಗುತ್ತದೆ ಅಂತ ಶುರುವಾಗುವ ಅವಳ ಪದ್ಯವೊಂದಿದೆ. ಡಾಲರ್ ಪೇರಿಸಿದ ಹಾಗೆ ಜೀವಗಳನ್ನು ಪೇರಿಸಿ ಬೆಲೆ ತೆತ್ತು ಪಡೆಯುವಂಥದಕ್ಕೆ ನಾವು ಯೋಗ್ಯರಾ ಅಂತ ಅದು ಕೇಳುತ್ತದೆ. ಮುಂದೆ 1864ರಲ್ಲಿ ಅವಳ ಅಣ್ಣ 500 ಡಾಲರ್ ಕೊಟ್ಟು ತನ್ನ ಬದಲಿಗೆ ಬೇರೊಬ್ಬನನ್ನು ಸೈನ್ಯಕ್ಕೆ ಕಳಿಸಿದ. ಆಗ ಕಾನೂನೇ ಅದಕ್ಕೆ ಅವಕಾಶ ಕೊಟ್ಟಿತ್ತು. ಇದು ಗೊತ್ತಾದ ಮೇಲೆ ಆ ಪದ್ಯವನ್ನು ಇನ್ನೊಮ್ಮೆ ಓದಿ.

'ಮೊಬಿ ಡಿಕ್' ಕಾದಂಬರಿಯ ಮೆಲ್ವಿಲ್ ಇದೇ ಅಂತರ್ಯುದ್ಧದ ಬಗ್ಗೆ 1866ರಲ್ಲಿ ತಂದ ಪದ್ಯಗಳಲ್ಲಿ 'ಶೈಲೊ' ಒಂದು ಸಾಕು. ಉಳಿದವು ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಎರಡನೇ ಮಹಾಯುದ್ಧಕ್ಕೆ ಎಲ್ಲರೂ ರ‍್ಯಾಂಡಲ್ ಜರೆಲ್‌ನ ಐದು ಸಾಲಿನ ಪದ್ಯ ತೋರಿಸುತ್ತಾರೆ. ಬಾಂಬರ್ ವಿಮಾನದ ಹೊಟ್ಟೆಯಲ್ಲಿ ಗಾಜಿನ ಗೋಳದೊಳಗೆ ಮುದುಡಿ ಕೂತ ಗನ್ನರ್ ಸಾಯುತ್ತಾನೆ, ಅವನನ್ನು ಪೈಪಿನ ನೀರು ಬಿಟ್ಟು ತೊಳೆದು ತೆಗೆಯುತ್ತಾರೆ. ಜರೆಲ್ ಗನ್ನರ್ ಆಗಿರಲಿಲ್ಲ. ಪೈಲಟ್ ಆಗಲು ಹೋಗಿ, ಅದು ಆಗದೆ, ನಕ್ಷತ್ರ ನೋಡಿ ದಾರಿ ಹಿಡಿಯುವುದನ್ನು ಅಮೆರಿಕದಲ್ಲೇ ಹುಡುಗರಿಗೆ ಕಲಿಸುತ್ತಿದ್ದ. ಕಲಿಸಿದ ಹುಡುಗರು ಹಾರಿ ಹೋಗುತ್ತಿದ್ದರು. ಒಳ್ಳೆಯ ಪದ್ಯವೇ, ಆದರೆ ಪಠ್ಯಗಳಲ್ಲಿ ಸಿಕ್ಕಾಪಟ್ಟೆ ಬಳಕೆಯಾಗಿ ಸವೆದಿದೆ.

ಈಗ ನಿಮ್ಮ ಸಿಟ್ಟಿಗೆ ಬರುತ್ತೇನೆ. ರಿಚರ್ಡ್ ಹ್ಯೂಗೊ ಅದೇ ಯುದ್ಧದಲ್ಲಿ ಇಟಲಿಯಿಂದ ಹಾರುವ ವಿಮಾನದಲ್ಲಿ ಗುರಿ ನೋಡಿ ಬಾಂಬು ಬಿಡುವವನಾಗಿದ್ದ. 35 ಸಲ ಹಾರಿದ. ಚಾರ್ಲ್ಸ್ ಸಿಮಿಕ್ ಹುಟ್ಟಿದ್ದು 1938ರಲ್ಲಿ, ಬೆಲ್‌ಗ್ರೇಡ್‌ನಲ್ಲಿ. 1941ರಲ್ಲಿ ಜರ್ಮನರ ಬಾಂಬು ಬಿದ್ದಾಗ ಹಾಸಿಗೆಯಿಂದ ಎಸೆಯಲ್ಪಟ್ಟ ಮಗು. 1944ರಲ್ಲಿ ಅದೇ ಊರಿನ ಮೇಲೆ ಬಾಂಬು ಹಾಕಿದವರು ಅಮೆರಿಕ, ಬ್ರಿಟನ್‌ನವರು. ಸಿಮಿಕ್ ಮುಂದೆ ಅಮೆರಿಕಕ್ಕೆ ಬಂದು ಇಂಗ್ಲಿಷ್‌ನಲ್ಲೇ ಬರೆದ. 2007ರಲ್ಲಿ ಆ ದೇಶದ ರಾಷ್ಟ್ರಕವಿಯೂ ಆದ. 1972ರಲ್ಲಿ ಇಬ್ಬರೂ ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲೊಂದರಲ್ಲಿ ಊಟಕ್ಕೆ ಕೂತಿದ್ದರು. ಈಗಷ್ಟೇ ಬೆಲ್‌ಗ್ರೇಡ್‌ಗೆ ಹೋಗಿ ಬಂದೆ ಅಂದ ಸಿಮಿಕ್. ನನಗೆ ಆ ಊರು ಚೆನ್ನಾಗಿ ಗೊತ್ತು ಅಂದ ಹ್ಯೂಗೊ. ಮೇಜುಬಟ್ಟೆಯ ಮೇಲೆ, ಬ್ರೆಡ್ ಚೂರು, ವೈನ್ ಕಲೆಗಳ ನಡುವೆ, ಪೋಸ್ಟ್ ಆಫೀಸ್ ಇಲ್ಲಿ, ಡ್ಯಾನ್ಯೂಬ್ ಸೇತುವೆ ಇಲ್ಲಿ ಅಂತ ಗುರುತು ಹಾಕಿ ತೋರಿಸಿದ. ಎಷ್ಟು ದಿನ ಇದ್ದಿರಿ ಅಂತ ಸಿಮಿಕ್ ಕೇಳಿದ. ಕಾಲಿಟ್ಟೇ ಇಲ್ಲ, ಬಾಂಬು ಹಾಕಿದ್ದೇನೆ ಅಷ್ಟೇ ಅಂದ ಹ್ಯೂಗೊ.

ಆಮೇಲೆ ಹ್ಯೂಗೊ ಸಿಮಿಕ್‌ಗೆ ಕಾಗದದ ರೂಪದಲ್ಲೇ ಒಂದು ಕವಿತೆ ಬರೆದ. ನೀನು ಐದು ವರ್ಷದವನಿದ್ದಾಗ ನಿನ್ನ ಮೇಲೆ ಬಾಂಬು ಹಾಕಿದವನು ನಾನು ಅಂತ ನೇರವಾಗಿ ಶುರು. ಸೇತುವೆಗೆ ಗುರಿಯಿಟ್ಟಿದ್ದೆವು, ತಪ್ಪಿತು ಅನ್ನುತ್ತಾನೆ. ಕೊನೆಗೆ, ಮುಂದಿನ ಸಲ ಉಳಿಯಬೇಕಾದರೆ ನಾನು ಹೊಡೆಯಬೇಕೆಂದಿರುವ ಸೇತುವೆ ಮೇಲೇ ಕೂತು ಕೈ ಬೀಸು ಅನ್ನುತ್ತಾನೆ. ನಗು ಬರುತ್ತದೆ, ಅಲ್ವಾ? ಬಂದ ನಗು ಅರ್ಧಕ್ಕೇ ನಿಲ್ಲುತ್ತದೆ. ಅವನು ನಿಮ್ಮನ್ನು ಕರಗಿ ಅಂತ ಕೇಳುತ್ತಿಲ್ಲ. ತನ್ನ ಗುರಿ ಎಷ್ಟು ಕೆಟ್ಟದಾಗಿತ್ತು, ಕೆಳಗೆ ಯಾರಿದ್ದಾರೆ ಅಂತ ಯೋಚಿಸದೆ ಹೇಗೆ ಹಾರಿದ್ದೆ ಅನ್ನುವುದನ್ನು ಬಲಿಯಾಗಬೇಕಿದ್ದವನ ಎದುರೇ ಒಪ್ಪಿಸುತ್ತಿದ್ದಾನೆ. ನೀವು ಕರಗಬೇಕಿಲ್ಲ. ಸಾಕ್ಷಿ ಹೇಳಿಕೆ ಕೇಳುವ ಹಾಗೆ ಓದಿ.

ವಿಯೆಟ್ನಾಂ ಕವಿಗಳಲ್ಲಿ ನನಗೆ ಯೂಸೆಫ್ ಕೊಮುನ್ಯಾಕಾ ಮೊದಲು. ಲೂಸಿಯಾನಾದ ಕಪ್ಪು ಜನಾಂಗದವನು, ಯುದ್ಧದಲ್ಲಿ ಸೈನ್ಯದ ಪತ್ರಿಕೆಗೆ ವರದಿಗಾರ. ಯುದ್ಧದಲ್ಲಿ ದಿನಾ ಬರೆಯುತ್ತಿದ್ದವನು ಅದರ ಬಗ್ಗೆ ಕವಿತೆ ಶುರು ಮಾಡಿದ್ದು ಹತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ಮನೆಯೊಂದನ್ನು ರಿಪೇರಿ ಮಾಡುತ್ತಾ. 1988ರಲ್ಲಿ ಬಂದ ಆ ಸಂಕಲನದ ಕೊನೆಯ ಪದ್ಯ ವಾಷಿಂಗ್ಟನ್‌ನಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಸತ್ತ ಅಮೆರಿಕನ್ನರ ಸ್ಮಾರಕ ಗೋಡೆಯ ಮುಂದೆ ನಡೆಯುತ್ತದೆ. 1982ರಲ್ಲಿ ಕಟ್ಟಿದ ಆ ಗೋಡೆಯ ವಿನ್ಯಾಸ ಮಾಡಿದ್ದು ಮಾಯಾ ಲಿನ್ ಎಂಬ ವಿದ್ಯಾರ್ಥಿನಿ. ಅದರ ಕಪ್ಪು ಗ್ರಾನೈಟ್ ಹೋದದ್ದು ನಮ್ಮ ಬೆಂಗಳೂರು ಕಡೆಯಿಂದ. ಕನ್ನಡಿಯ ಹಾಗೆ ಹೊಳೆಯುವ ಕಲ್ಲು ಅದು. ಹೆಸರುಗಳನ್ನು ಅಕಾರಾದಿಯಲ್ಲೂ ಕೆತ್ತಿಲ್ಲ, ಹುದ್ದೆ ನೋಡಿಯೂ ಕೆತ್ತಿಲ್ಲ, ಬಲಿಯಾದ ದಿನದ ಕ್ರಮದಲ್ಲಿ ಕೆತ್ತಿದ್ದಾರೆ. ವಿಟ್ಮನ್ ಓಡಾಡಿದ ಆರ್ಮರಿ ಸ್ಕ್ವೇರ್ ಆಸ್ಪತ್ರೆ ಇದ್ದದ್ದೂ ಈ ಗೋಡೆ ಇರುವ ದೊಡ್ಡ ಮೈದಾನದ ಇನ್ನೊಂದು ಕಡೆ.

ಪದ್ಯದಲ್ಲಿ ಕವಿಯ ಕಪ್ಪು ಮುಖ ಕಪ್ಪು ಕಲ್ಲಿನೊಳಗೆ ಮರೆಯಾಗುತ್ತದೆ. ಅಳಬಾರದು ಅಂದುಕೊಂಡೇ ಬಂದಿದ್ದಾನೆ. 58,022 ಹೆಸರುಗಳ ಮೇಲೆ ಕಣ್ಣಾಡಿಸುತ್ತಾನೆ, ತನ್ನದೂ ಇರಬಹುದೇನೋ ಅನ್ನುವ ಹಾಗೆ. ಕಲ್ಲಿನಲ್ಲಿ ಒಬ್ಬ ಹೆಂಗಸು ಹೆಸರುಗಳನ್ನು ಅಳಿಸುತ್ತಿರುವಂತೆ ಕಾಣುತ್ತದೆ. ಇಲ್ಲ, ಅವಳು ಹುಡುಗನೊಬ್ಬನ ತಲೆ ಬಾಚುತ್ತಿದ್ದಾಳೆ. ತಾನು ಕಂಡದ್ದನ್ನು ಅಲ್ಲೇ ಮತ್ತೆ ಪರೀಕ್ಷಿಸಿ ತಿದ್ದುವುದು, ನನಗನ್ನಿಸುವಂತೆ, ವರದಿಗಾರನ ಅಭ್ಯಾಸ.

ಆ ಗೋಡೆಯ ಮೇಲೆ ಸತ್ತ ವಿಯೆಟ್ನಾಮಿಯರ ಹೆಸರುಗಳಿಲ್ಲ. ನಿಮ್ಮ ಸಿಟ್ಟು ಅಲ್ಲಿ ಕೆಲಸಕ್ಕೆ ಬರಲಿ. 1988ರಲ್ಲಿ ವಿಯೆಟ್ನಾಂನಲ್ಲಿ ಹುಟ್ಟಿ, ಎರಡನೇ ವಯಸ್ಸಿಗೆ ಅಮೆರಿಕಕ್ಕೆ ಬಂದ ಓಶನ್ ವುವಾಂಗ್‌ನನ್ನು ಓದಿ. ಅವನ ಅಜ್ಜಿ ಅಲ್ಲಿನ ಹಳ್ಳಿಯವಳು, ಅಜ್ಜ ಅಮೆರಿಕನ್ ಸೈನಿಕ. ಬಾಂಬುಗಳಿಲ್ಲದಿದ್ದರೆ ನಮ್ಮ ಮನೆಯೂ ಇಲ್ಲ, ನಾನೂ ಇಲ್ಲ ಅಂತ ಲೆಕ್ಕ ಬರೆದವನು. ಇಂಥವನನ್ನು ಪರ, ವಿರೋಧ ಅನ್ನುವ ಯಾವ ಕಾಲಂಗೆ ಹಾಕುತ್ತೀರಿ?

ಪ್ರಬಂಧಕ್ಕೆ ಒಬ್ಬನೇ ಕವಿ ಬೇಡ, ಜೋಡಿ ತೆಗೆದುಕೊಳ್ಳಿ. ಹ್ಯೂಗೊ, ಸಿಮಿಕ್ ಜೋಡಿ ಸುಲಭ, ಆದರೆ ಸಾಕಷ್ಟು ಜನ ಬರೆದಿದ್ದಾರೆ. ನಾನಾದರೆ ಇರಾಕ್ ಹಿಡಿಯುತ್ತಿದ್ದೆ. ಬ್ರಯನ್ ಟರ್ನರ್ ಕವಿತೆಯಲ್ಲಿ ಡಿಗ್ರಿ ಮಾಡಿ ಸೈನ್ಯ ಸೇರಿ, ಅಲ್ಲಿ ಕಾಲಾಳು ತುಕಡಿಯಲ್ಲಿದ್ದವನು. ದುನ್ಯಾ ಮಿಖಾಯಿಲ್ ಬಾಗ್ದಾದ್‌ನಲ್ಲಿ ಪತ್ರಕರ್ತೆಯಾಗಿದ್ದು, ದೇಶ ಬಿಟ್ಟು ಅಮೆರಿಕ ಸೇರಿದವಳು. ಯುದ್ಧ ಎಷ್ಟು ಕಷ್ಟಪಟ್ಟು, ಬೇಸರವಿಲ್ಲದೆ ದುಡಿಯುತ್ತದೆ ಅಂತ ಹೊಗಳುವ ಧಾಟಿಯಲ್ಲಿ ಬರೆಯುತ್ತಾಳೆ. ಇಬ್ಬರ ಪುಸ್ತಕವೂ ಇಂಗ್ಲಿಷ್‌ನಲ್ಲಿ 2005ರಲ್ಲೇ ಬಂದವು. ದೇಶ ಒಂದೇ, ನಿಂತ ಕಡೆ ಬೇರೆ. ಗೈಡ್ ಪುಸ್ತಕದಲ್ಲಿ ಸುಮ್ನೆ ಹುಡುಕಬೇಡಿ, ನೇರ ಕವಿತೆಗೇ ಹೋಗಿ. ವಿಟ್ಮನ್, ಡಿಕಿನ್ಸನ್ ಹಕ್ಕು ಮುಗಿದವರು, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತಾರೆ. ಉಳಿದವರಿಗೆ ವಿಭಾಗದ ಲೈಬ್ರರಿಯಲ್ಲಿ ಇಂಡೆಂಟ್ ಹಾಕಿ, ಬೆನ್ನು ಹತ್ತಿ ತರಿಸಿಕೊಳ್ಳಿ.

ಪ್ರಬಂಧ ಮುಗಿದ ಮೇಲೆ ಅದರಲ್ಲೊಂದು ಭಾಗವನ್ನು ಕನ್ನಡದಲ್ಲಿ ಬರೆದು ಕಳಿಸಿ. ನಾಲ್ಕು ಪುಟ ಮೀರದಿರಲಿ.

— ಸಂಪಾದಕ